ದಿಲಾವರನ ಮಖಮಲ್ ಬಾಗಿಲು

"ಎತ್ತಿನ ಕೋಡಿಗೆ ಹಚ್ಚೋ ಬಣ್ಣಾ ಕಾರಿಗೆ ಹತ್ತಂಗಿಲ್ಲ ಅಂತ ನಾ ಹೇಳಂಗಿಲ್ರಿ. ಹತ್ತತೈತಿ," ಎಂದ ಪಕ್ಕದ ಮನೆಯ ಯಮನೂರಪ್ಪ, ನಡುಗೋಡೆಯ ಮೇಲೆ ಎರಡೂ ಮೊಣಕೈ ಊರಿಕೊಂಡು. "ಆದ್ರ ಎತ್ತಿಗೆ ಬಣ್ಣಾ ಕಿರಿಕಿರಿ ಆತಂದ್ರ ಬೇವಿನ ಗಿಡಕ್ಕ ಹೋಗಿ ಕೋಡ ತಿಕ್ಕತೈತಿ. ನಿಮ್ಮ ಕಾರ್ ಎಲ್ಲಿ ಹೋಗಿ ತಿಕ್ಕಬೇಕ್ರಿ?"

ಉತ್ತರ ಕೊಡಲು ದಿಲಾವರನ ಬಾಯಿ ಖಾಲಿ ಇರಲಿಲ್ಲ. ತುಟಿಗಳ ನಡುವೆ ಸ್ಕ್ರೂಗಳನ್ನು ಕಚ್ಚಿ ಹಿಡಿದಿದ್ದ. ಅವನ ಕಾರು ಅಂಗಳದಲ್ಲಿ ನಾಲ್ಕೂ ಬಾಗಿಲು ತೆರೆದುಕೊಂಡು, ದವಾಖಾನೆಯಲ್ಲಿ ಡಾಕ್ಟರರ ಮುಂದೆ ಬಾಯಿ ಅಗಲಿಸಿ ಕೂತ ರೋಗಿಯ ಹಾಗೆ ನಿಂತಿತ್ತು. ಬಾಗಿಲುಗಳ ಒಳಮೈಗೆ ಕೂಡಿಸಿದ್ದ ಪ್ಲಾಸ್ಟಿಕ್ ಪ್ಯಾನಲ್ಲುಗಳು ಹಗ್ಗದ ಹೊರಸಿನ ಮೇಲೆ ಸಾಲಾಗಿ ಮಲಗಿದ್ದವು. ಪಕ್ಕದಲ್ಲೇ ಬಣ್ಣದ ಡಬ್ಬಿ. ಡಬ್ಬಿಯ ಮೇಲೆ ಕೋಡು ಮೇಲೆತ್ತಿ ನಿಂತ ಎತ್ತಿನ ಚಿತ್ರ.

ನರಗುಂದದ ನಮ್ಮ ಓಣಿಯಲ್ಲಿ ಈ ಡಬ್ಬಿಯ ಗುರುತು ಹಸುಗೂಸಿಗೂ ಇದೆ. ಯಾಕೆಂದರೆ ದಿಲಾವರನದು ಎತ್ತಿನ ಸಾಮಾನಿನ ಅಂಗಡಿ. ಹಗ್ಗ, ಗೆಜ್ಜೆಸರ, ಗೊಂಡೆ, ಮೂಗುದಾಣ, ಕೋಡಿನ ಬಣ್ಣ ಎಲ್ಲ ಅವನಲ್ಲೇ. ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾದವು ಎಂದು ಜನ ಹೇಳುತ್ತಾರೆ, ನಿಜ. ಆದರೆ ಎತ್ತು ಕಡಿಮೆಯಾದಷ್ಟೂ ಉಳಿದ ಎತ್ತುಗಳ ಸೊಕ್ಕು ಹೆಚ್ಚಾಯಿತು. ಕಾರಹುಣ್ಣಿಮೆಗೆ ಒಂದೊಂದು ಎತ್ತೂ ಮದುಮಗನನ್ನು ನಾಚಿಸುವ ಹಾಗೆ ಸಿಂಗಾರಗೊಳ್ಳುತ್ತದೆ. ಈ ಸಲ ಮಾತ್ರ ಎಲ್ಲರೂ ಹಸಿರು, ಕೆಂಪು ಒಯ್ದರು. ಬಂಗಾರದ ಬಣ್ಣ ಉಳಿದುಬಿಟ್ಟಿತು. ಉಳಿದ ಬಣ್ಣ ಮನುಷ್ಯನ ತಲೆಯಲ್ಲಿ ಏನೇನು ವಿಚಾರ ಹುಟ್ಟಿಸುತ್ತದೆ ಎಂಬುದಕ್ಕೆ ಈ ಕಥೆಯೇ ಸಾಕ್ಷಿ.

ವಿಚಾರದ ಬೀಜ ಬಿದ್ದದ್ದು ರೋಣದ ಒಂದು ಮದುವೆಯ ಊಟದಲ್ಲಿ. ದಿಲಾವರನ ಪಕ್ಕಕ್ಕೆ ಗಜೇಂದ್ರಗಡದ ಮಹಮ್ಮದಸಾಬ ಮಾಸ್ತರರು ಕೂತಿದ್ದರು. ನಿವೃತ್ತ ಹೆಡ್‌ಮಾಸ್ತರರು, ಗಂಜಿ ಹಾಕಿದ ಬಿಳಿ ಅಂಗಿ, ಬಿಳಿ ಪಾಯಜಾಮ, ಬಿರಿಯಾನಿ ಉಂಡೆದ್ದರೂ ಅಂಗಿಯ ಮೇಲೆ ಒಂದು ಅಕ್ಕಿಕಾಳಿಲ್ಲ. ಅವರ ಮಗ ಅಕೀಬನದು ರೋಣದಲ್ಲಿ ಔಷಧದ ಅಂಗಡಿ. ದಿಲಾವರನ ಮಗಳು ಹುಸ್ನಾ ಅದರ ಪಕ್ಕದ ದವಾಖಾನೆಯಲ್ಲಿ ರಕ್ತ ತಪಾಸಣೆ ಮಾಡುವವಳು. ಚೀಟಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡಾಡಿ, ಹುಡುಗ ಹುಡುಗಿಯ ಮನಸ್ಸು ಆಗಲೇ ಕೂಡಿತ್ತು. ಕೂಡದೆ ಉಳಿದದ್ದು ಮಾಸ್ತರರ ಮನಸ್ಸು.

"ಮನಿ ನೋಡತೇನಿ, ಮಂದಿ ನೋಡತೇನಿ. ಮನಸ್ಸಿಗೆ ಬರಲಿಲ್ಲ ಅಂದ್ರ ಈ ಮಾತ ಅಲ್ಲಿಗೇ ಮುಗೀತು," ಎಂದು ಅವರು ಮಗನಿಗೆ ಖಡಾಖಂಡಿತ ಹೇಳಿದ್ದರು. ಬರೀ ಮಾತಲ್ಲ. ಈ ಮೊದಲು ಒಂದು ಮನೆಯನ್ನು ನೀರಿನ ಲೋಟದ ಮೇಲೆ ಬೆರಳ ಗುರುತಿತ್ತೆಂದೂ, ಇನ್ನೊಂದನ್ನು ಗೋಡೆಯ ಗಡಿಯಾರ ಹಿಂದೆ ಬಿದ್ದಿತ್ತೆಂದೂ ಬಿಟ್ಟು ಬಂದ ಆಸಾಮಿ.

ಅಂಥವರು ಆ ದಿನ ಕೈ ತೊಳೆಯುತ್ತ, "ನರಗುಂದಕ್ಕ ಬರಬೇಕಂದ್ರ ಬಸ್ಸಿನಾಗ ಭಾಳ ತ್ರಾಸ ಆಗತೈತ್ರಿ" ಎಂದರು.

ಇಲ್ಲಿ ದಿಲಾವರ "ಹೌದ್ರಿ" ಎಂದಿದ್ದರೆ ಕಥೆಯೇ ಇರುತ್ತಿರಲಿಲ್ಲ. "ಬಸ್ ಯಾಕ್ರಿ ಭಾಯಿಸಾಬ್?" ಎಂದುಬಿಟ್ಟ. "ನಮ್ಮ ಗಾಡಿ ಐತಲ್ಲ! ಒಳಗ ಕುಂತ್ರ ಶೋರೂಮಿನಾಗ ಕುಂತಂಗ. ನಾನ ಬಂದು ಕರಕೊಂಡ ಹೋಗತೇನಿ."

"ಹಂಗಾದ್ರ ಬರೂ ಐತವಾರ," ಎಂದರು ಮಾಸ್ತರರು, ತಟ್ಟನೆ ಭಾನುವಾರವನ್ನೇ ಗೊತ್ತು ಮಾಡಿ.

ಗಾಡಿ ಇದ್ದದ್ದು ಖರೆ. ಕೊಟ್ರೇಶ ಎಂಬ ಉಳ್ಳಾಗಡ್ಡಿ ವ್ಯಾಪಾರಿಯಿಂದ ಕೊಂಡದ್ದು. ಹೊರಗೆ ಬೆಳ್ಳಗೆ ಫಳಫಳ. ಒಳಗೆ ಮಾತ್ರ ಕೊಟ್ರೇಶ ವರ್ಷಗಟ್ಟಲೆ ತಂಬಾಕು ಅಗಿಯುತ್ತ, ಕಿಟಕಿಯಾಚೆಗೆ ಉಗುಳುತ್ತ, ಆಗಾಗ ಗುರಿ ತಪ್ಪುತ್ತ ಓಡಾಡಿದ್ದ. ಒಂದು ಬಾಗಿಲು ಬಿಸಿಲಿಗೆ ಬಿಳಿಚಿತ್ತು, ಒಂದು ಕಂದಿತ್ತು, ಒಂದರ ಮೇಲೆ ಭೂಪಟದ ಹಾಗೆ ಕಂದು ಕಲೆ.

"ಅಬ್ಬಾಜಾನ್, ಅವರು ನನ್ನ ನೋಡಾಕ ಬರತಾರ. ಗಾಡಿ ನೋಡಾಕಲ್ಲ," ಎಂದಳು ಹುಸ್ನಾ.

"ಬೇಟಾ, ನಿನ್ನ ನೋಡೂಕಿಂತ ಮೊದಲ ಗಾಡಿ ನೋಡತಾರ. ಗಜೇಂದ್ರಗಡ ಬಿಟ್ಟು ನರಗುಂದ ಮುಟ್ಟೂತನಕ ಅವರ ಕಣ್ಣಿಗೆ ಬ್ಯಾರೆ ಏನ್ ಕೆಲಸ ಐತಿ?"

ದಿಲಾವರನ ತರ್ಕಕ್ಕೆ ಉತ್ತರ ಹೇಳುವುದನ್ನು ಆ ಮನೆಯವರು ಬಹಳ ಹಿಂದೆಯೇ ಬಿಟ್ಟಿದ್ದರು.

ವಿದ್ಯೆಯನ್ನು ಅವನು ಫೋನಿನ ವಿಡಿಯೋದಿಂದ ಕಲಿತ. ಆ ವಿಡಿಯೋದ ಮನುಷ್ಯ ಮೊದಲು ಪ್ಯಾನಲ್ ತೊಳೆದ, ಉಜ್ಜಿದ, ಅದೇನೋ ಪ್ರೈಮರ್ ಹೊಡೆದ, ಒಣಗಲು ಬಿಟ್ಟ, ಮತ್ತೆ ಉಜ್ಜಿದ. ದಿಲಾವರ ಇದನ್ನೆಲ್ಲ ಬೆರಳಿನಿಂದ ಮುಂದಕ್ಕೆ ತಳ್ಳಿ ಬಣ್ಣ ಬಳಿಯುವಲ್ಲಿಂದ ನೋಡಿದ. ಪ್ಯಾನಲ್ ಕೀಳಲು ಅಡುಗೆಮನೆಯ ಸಟ್ಟುಗ ತಂದ. ಒಂದೊಂದು ಕ್ಲಿಪ್ಪೂ 'ಟಪ್' 'ಟಪ್' ಎಂದು ಹಾರಿ ಓಣಿಯ ನಾನಾ ಕಡೆ ಬಿದ್ದವು. ಬಿಚ್ಚಬಾರದ ಒಂದು ಬೋಲ್ಟನ್ನೂ ಬಿಚ್ಚಿದ್ದರಿಂದ ಮುಂದಿನ ಎಡಬಾಗಿಲಿನ ಗಾಜು ಸರ್ರನೆ ಒಳಗಿಳಿದು, ಎಷ್ಟು ಕರೆದರೂ ಮೇಲೆ ಬರಲಿಲ್ಲ.

"ನನ್ನ ಸಟ್ಟುಗ ಎಲ್ಲಿ?" ಎಂದು ಒಳಗಿನಿಂದ ಹೆಂಡತಿ ಮೈಮುನಬಿ ಕೂಗಿದಳು.

"ಎರಡ ಆಗೇತಿ, ಯಾವದ ಬೇಕು?" ಎಂದ ದಿಲಾವರ, ಮುರಿದ ತುಂಡುಗಳನ್ನು ನೋಡುತ್ತ.

ಬಂಗಾರದ ಬಣ್ಣಕ್ಕೆ ಒಂದಿಷ್ಟು ಬಿಳಿ, ಒಂದು ಚಿಟಿಕೆ ಕೆಂಪು ಸೇರಿಸಿ ಕಲಸಿದ. ಬಂದ ಬಣ್ಣಕ್ಕೆ 'ರಾಯಲ್ ಬಿಸ್ಕೀಟ್' ಎಂದು ನಾಮಕರಣವಾಯಿತು. ಬಳಿದ. ಚೆಂದ ಕಂಡಿತು. ಆದರೆ ಒಣಗಲಿಲ್ಲ.

ಸಂಜೆಯಾಯಿತು, ಒಣಗಲಿಲ್ಲ. ಮರುದಿನ ಮುಂಜಾನೆಯೂ ಅಂಟು ಅಂಟು. ಬೇವಿನ ಎಲೆ ಬಂದು ಕೂತಿತು, ನೊಣ ಬಂದು ಕೂತಿತು, ಕೂತದ್ದು ಏಳಲಿಲ್ಲ. ಯಮನೂರಪ್ಪನ ಮನೆಯ ಕೋಳಿ ಹೊರಸಿನ ಮೇಲೆ ಹಾರಿ, ಎರಡು ಗರಿ ಕಾಣಿಕೆ ಕೊಟ್ಟು ಕಿರುಚುತ್ತ ಓಡಿತು. ದಿಲಾವರನ ತಾಯಿ ಖತೀಜಾಬಿಗೆ ಕಣ್ಣು ಮಂಜು. ಏನಿದು ಎಂದು ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ ಆಕೆ ಎಲ್ಲೆಲ್ಲಿ ಹೋದಳು, ಯಾವ ಡಬ್ಬಿಯ ಮುಚ್ಚಳ ತೆಗೆದು ಬೆಲ್ಲ ತಿಂದಳು ಎಂಬುದೆಲ್ಲ ಮನೆತುಂಬ ಬಂಗಾರದ ಗುರುತಾಗಿ ಬಯಲಾಯಿತು.

"ಎತ್ತಿನ ಕೋಡಿಗೆ ಒಳಗಿಂದ ಬಿಸಿ ಇರತೈತ್ರಿ, ಬಣ್ಣ ಲಗೂ ಒಣಗತೈತಿ," ಎಂದು ಯಮನೂರಪ್ಪ ಗೋಡೆಯ ಮೇಲಿಂದ ತೀರ್ಪು ಕೊಟ್ಟ. "ಈ ಹಲಗಿಗೆ ಎಲ್ಲೈತಿ ಜೀವಾ?"

"ಕಾಕಾ, ನಾಡದ ಐತವಾರ ಐತಿ. ನನ್ನ ಜೀವಾ ಹೋಗಾಕತ್ತೈತಿ, ಹಲಗಿ ಜೀವಾ ಬಿಡ್ರಿ," ಎಂದು ದಿಲಾವರ ತಲೆ ಹಿಡಿದು ಕೂತ. "ಆ ಮನುಷ್ಯಾ ಅಂಟಿದ ಗಾಡ್ಯಾಗ ಕುಂತ್ರ ನನ್ನ ಮಗಳ ಗತಿ ಏನು?"

ಆಗ ಯಮನೂರಪ್ಪನ ಹೆಂಡತಿ ಗಾಳೆವ್ವ, ರೊಟ್ಟಿ ಬಡಿಯುತ್ತಿದ್ದವಳು, ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಒಂದು ಬೆರಳಿನಿಂದ ಪ್ಯಾನಲ್ ಒತ್ತಿದಳು. ಬೆರಳು ಅಂಟಿತು, ಬಿಟ್ಟಿತು.

"ಇಷ್ಟಕ್ಕ ಗಂಡಸರು ತಲಿ ಹಿಡಕೊಂಡ ಕುಂತೀರಿ? ರೊಟ್ಟಿ ಬಡಿಯೂ ಮುಂದ ಹಿಟ್ಟ ಕೈಗೆ ಅಂಟಿದ್ರ ನಾವ್ ಏನ್ ಮಾಡತೇವಿ?"

"ಏನ್ ಮಾಡತೀರಿ?"

"ಮ್ಯಾಲ ಒಣಾ ಹಿಟ್ಟ ಉದುರಸ್ತೇವಿ. ಮೈಮುನಾ, ಸಾಣಿಗಿ ತಾ!"

ನಮ್ಮ ಸೀಮೆಯಲ್ಲಿ ಜೋಳದ ಹಿಟ್ಟಿನಿಂದ ಆಗದ ಕೆಲಸವಿಲ್ಲ ಎಂಬ ನಂಬಿಕೆ ಹೆಂಗಸರಿಗಿದೆ; ರೊಟ್ಟಿ ತಿಂದು ಬೆಳೆದ ಗಂಡಸರು ಅದನ್ನು ಪ್ರಶ್ನಿಸುವುದಿಲ್ಲ. ಗಾಳೆವ್ವ ಸಾಣಿಗೆ ಹಿಡಿದು, ಮದುವೆಯಲ್ಲಿ ಅಕ್ಷತೆ ಹಾಕುವಷ್ಟು ಗಂಭೀರವಾಗಿ ನುಣ್ಣನೆಯ ಹಿಟ್ಟು ಉದುರಿಸಿದಳು. ಆಚೆ ಕಟ್ಟಿದ್ದ ಯಮನೂರಪ್ಪನ ಬಲಗಡೆಯ ಎತ್ತು ಸರದಾರ ಗೋಡೆಯ ಮೇಲೆ ಕತ್ತು ಚಾಚಿ, ನಾಲಗೆ ಹೊರಗೆ ಹಾಕಿ ನೋಡುತ್ತ ನಿಂತಿತ್ತು. ಅದರ ನೋಟವನ್ನು ಯಾರೂ ಗಮನಿಸಲಿಲ್ಲ. ಗಮನಿಸಬೇಕಿತ್ತು.

ಹಿಟ್ಟು ಕೂತಿತು. ಊದಿ ಕೊಡವಿದರು. ಆಗ ಓಣಿಗೆ ಓಣಿಯೇ ಬೆರಗಾಗುವ ಸಂಗತಿ ನಡೆಯಿತು. ಹೊಳಪೆಲ್ಲ ಹೋಗಿ, ಬಂಗಾರದ ಮೇಲೆ ಮಂಜು ಮುಸುಕಿದಂಥ ಒಂದು ಮೆದು ಬಣ್ಣ. ಮುಟ್ಟಿದರೆ ಮಖಮಲ್!

"ಯವ್ವಾ! ಕೂಸಿನ ಗಲ್ಲಾ ಮುಟ್ಟಿದಂಗ ಆಗತೈತಿ," ಎಂದಳು ಗಾಳೆವ್ವ, ತನ್ನ ಕೈಗೆಲಸಕ್ಕೆ ತಾನೇ ಮರುಳಾಗಿ.

ಸಂಜೆಯತನಕ ಓಣಿಯ ಜನ ಸಾಲುಗಟ್ಟಿ ಬಂದು ಮುಟ್ಟಿ ಹೋದರು. ಮೈಮುನಬಿಯೊಬ್ಬಳೇ ದೂರ ನಿಂತು, "ಇದರಾಗ ಮೂರ ಹೊತ್ತಿನ ರೊಟ್ಟಿ ಆಗತಿದ್ದುವು" ಎಂದಳು.

ಓಣಿಯಲ್ಲಿ ಸಿಕ್ಕಷ್ಟು ಕ್ಲಿಪ್ಪುಗಳಿಂದ ಪ್ಯಾನಲ್ಲುಗಳನ್ನು ಬಾಗಿಲಿಗೆ ಮತ್ತೆ ಕೂಡಿಸಿ, ಐತವಾರ ಮುಂಜಾನೆ ದಿಲಾವರ ಅತ್ತರು ಪೂಸಿಕೊಂಡು ಗಜೇಂದ್ರಗಡ ಮುಟ್ಟಿದ. ಮಾಸ್ತರರು ಮುಂದೆ ಅವನ ಪಕ್ಕಕ್ಕೆ ಕೂತರು. ಅವರ ಹೆಂಡತಿ ಕೌಸರ ಹಿಂದೆ ಕೂತರು. ಅಕೀಬ ಸಂಜೆ ಅಂಗಡಿ ಮುಚ್ಚಿ ಆಮೇಲೆ ಮೋಟಾರ್‌ಸೈಕಲ್ಲಿನ ಮೇಲೆ ಬರುವವನಿದ್ದ. ಮಾಸ್ತರರ ಅಂಗಿ ಎಂದಿಗಿಂತ ಬೆಳ್ಳಗಿತ್ತು, ತಲೆ ಎಂದಿಗಿಂತ ಕರ್ರಗಿತ್ತು. ಈ ವಯಸ್ಸಿನಲ್ಲೂ ತಲೆಯಲ್ಲಾಗಲಿ ಮೀಸೆಯಲ್ಲಾಗಲಿ ಒಂದು ಬಿಳಿಗೂದಲಿಲ್ಲ. ಅದು ಶಿಸ್ತಿನ ಜೀವನದ ಫಲವೆಂದು ಅವರ ಹಳೆಯ ವಿದ್ಯಾರ್ಥಿಗಳೆಲ್ಲ ನಂಬಿದ್ದರು.

ಅವರು ಬಾಗಿಲು ಹಾಕಿದರು. ಕೈ ಪ್ಯಾನಲ್ಲಿಗೆ ತಾಗಿತು. ನಿಂತಿತು. ಮತ್ತೆ ಸವರಿತು.

"ಇದಕ್ಕ ಏನಂತಾರ್ರಿ?"

"ಮಖಮಲ್ ಫಿನಿಶ್ ಅಂತಾರ್ರಿ ಭಾಯಿಸಾಬ್."

"ಎಲ್ಲಿ ಮಾಡಿಸಿದ್ರಿ?"

'ನಮ್ಮ ಗಾಳೆವ್ವ ಕಾಕಿ' ಎಂಬುದು ನಾಲಗೆಯ ತುದಿಗೆ ಬಂದಿತ್ತು. ಆದರೆ ಹೊರಬಿದ್ದದ್ದು, "ಹುಬ್ಬಳ್ಳ್ಯಾಗ್ರಿ."

"ಕೈಲೆ ಮಾಡತಾರೋ, ಮಶೀನ್ಲೆ ಮಾಡತಾರೋ?"

"ಮಶೀನ್ರಿ. ಮ್ಯಾಲಿಂದ ಸಣ್ಣಗ ಉದುರಸ್ತೈತಿ."

"ಅಗದಿ ಚಲೋ ಆಗೇತಿ. ಅಕೀಬನೂ ಗಾಡಿ ತಗೊಳ್ಳಾಂವ ಅದಾನ. ಅದಕ್ಕೂ ಇದ ಬೇಕು. ಆ ಕಾರೀಗರನ ಫೋನ್ ನಂಬರ್ ಕೊಡ್ರಿ."

"ಅಂವಾ… ಫೋನ್ ಬಳಸಂಗಿಲ್ರಿ."

"ವಿಳಾಸರ ಹೇಳ್ರಿ."

"ಮುಂಬೈಗೆ ಹೋಗ್ಯಾನ್ರಿ. ಮೊನ್ನೆನ ಹೋದ. ಒಮ್ಮಿಂದೊಮ್ಮೆಲೆ."

"ದೊಡ್ಡ ಕಾರೀಗರು ಹಂಗ ಇರತಾರ," ಎಂದು ಮಾಸ್ತರರು ಗೌರವದಿಂದ ಮೊಣಕೈಯನ್ನು ಮಖಮಲ್ಲಿನ ಮೇಲೆ ಊರಿದರು. ದಿಲಾವರನ ಎದೆ ಒಂದು ಗೇಣು ಉಬ್ಬಿತು. ಮಗಳ ಸಂಸಾರ, ಮೊಮ್ಮಕ್ಕಳು, ಮೊಮ್ಮಕ್ಕಳ ಸಾಲಿ, ಎಲ್ಲ ಅವನಿಗೆ ಕಾರಿನ ಮುಂಗಾಜಿನಲ್ಲಿ ಕಾಣತೊಡಗಿತು.

ರೋಣ ದಾಟುತ್ತಲೇ ಜಿಟಿಜಿಟಿ ಮಳೆ ಹಿಡಿಯಿತು.

"ಗಾಜ ಏರಸ್ರಿ," ಎಂದರು ಮಾಸ್ತರರು.

ದಿಲಾವರ ಬಟನ್ ಒತ್ತಿದ. ಬಾಗಿಲಿನ ಹೊಟ್ಟೆಯೊಳಗಿಂದ 'ಗುರ್ರ್' ಎಂದಿತು. ಬೇರೇನೂ ಆಗಲಿಲ್ಲ. "ಊರ ಹವಾ ಆರೋಗ್ಯಕ್ಕ ಚಲೋರಿ ಭಾಯಿಸಾಬ್. ಹುಬ್ಬಳ್ಳ್ಯಾಗ ಎಲ್ಲಿ ಸಿಗತೈತಿ?"

"ಹವಾ ಬರಲಿ, ನೀರ ಬ್ಯಾಡ. ಲಗೂ ಏರಸ್ರಿ!" ಮಾಸ್ತರರು ಗಡಬಡಿಸಿ ಕರವಸ್ತ್ರ ತೆಗೆದು ತಲೆಗೆ ಸುತ್ತಿಕೊಂಡರು.

"ಅವರಿಗೆ ಮಳಿ ಅಂದ್ರ ಭಾಳ ಹೆದರಿಕಿರಿ," ಎಂದರು ಹಿಂದಿನಿಂದ ಕೌಸರ. ದನಿಯಲ್ಲಿ ನಗು ಅಡಗಿತ್ತು. ದಿಲಾವರನಿಗೆ ಅದು ತಿಳಿಯಲಿಲ್ಲ. ಅವನ ಕಣ್ಣು ಬೇರೆಡೆ ಇತ್ತು. ತುಂತುರು ಒಳಗೆ ಬಂದು ಬಂದು ಮಖಮಲ್ ನಿಧಾನಕ್ಕೆ ಕಣಕವಾಗುತ್ತಿತ್ತು. ಮಾಸ್ತರರ ಬೆಳ್ಳಗಿನ ಮೊಣಕೈ ಆ ಕಣಕದಲ್ಲಿ ಮೆಲ್ಲಗೆ ಇಳಿಯುತ್ತಿತ್ತು.

"ಕೈ ಅಲ್ಲೇ ಇರಲ್ರಿ ಭಾಯಿಸಾಬ್! ಎತ್ತಬ್ಯಾಡ್ರಿ!"

"ಯಾಕ್ರಿ?"

"ಅಲ್ಲೇ ಇಟ್ರ… ಮೊಣಕೈ ಸಂದಿಗೆ ಆರಾಮ."

ಒಣಗಿಸಲು ಒಂದೇ ದಾರಿ ಎಂದು ದಿಲಾವರ ಹೀಟರ್ ತಿರುವಿದ. ಬಿಸಿಗಾಳಿ ನೇರವಾಗಿ ಬಾಗಿಲಿಗೆ ಹೊಡೆಯಿತು. ಎರಡು ಹೊಲ ದಾಟುವುದರೊಳಗೆ ಕೌಸರ ಮೂಗೇರಿಸಿದರು.

"ಇಲ್ಲೆಲ್ಲೋ ರೊಟ್ಟಿ ಬಡ್ಯಾಕತ್ತಾರ ನೋಡ್ರಿ. ಏನ್ ವಾಸನಿ!"

"ಈ ಕಡೆ ಎರಿ ಹೊಲಾ. ಬಿಳಿ ಜ್ವಾಳಕ್ಕ ಹೆಸರಾದದ್ದು," ಎಂದು ಮಾಸ್ತರರು ಪಾಠ ಶುರುಮಾಡಿದರು. ಮುಂದಿನ ಊರು ಬಂತು, ಹೋಯಿತು, ವಾಸನೆ ಹೋಗಲಿಲ್ಲ. ಅದರ ಮುಂದಿನ ಊರೂ ಹೋಯಿತು.

"ಅಲ್ರಿ, ಈ ರೊಟ್ಟಿ ನಮ್ಮ ಬೆನ್ನ ಹತ್ತಿ ಬರಾಕತ್ತೈತಿ," ಎಂದರು ಕೌಸರ. "ನನಗ ಹಸಿವಿ ಸುರು ಆತು."

"ಇದು ಇಡೀ ಹೋಬಳಿದ ವಾಸನಿ," ಎಂದರು ಮಾಸ್ತರರು. ಪಾಠವನ್ನು ಅವರು ಎಂದೂ ನಡುವೆ ಬಿಟ್ಟವರಲ್ಲ.

ನರಗುಂದದ ಗುಡ್ಡ ಕಣ್ಣಿಗೆ ಬಿತ್ತು. ದಿಲಾವರ ಅಲ್‌ಹಮ್ದುಲಿಲ್ಲಾ ಎಂದು ಉಸಿರು ಬಿಟ್ಟ. ಊರ ಹೊರಗಿನ ಕೂಡುರಸ್ತೆಯಲ್ಲಿ ಗಾಡಿ ನಿಧಾನ ಮಾಡಬೇಕಾಯಿತು, ಏಕೆಂದರೆ ಮಳೆಗೆ ಹೊಲದ ಕೆಲಸ ಬಿಟ್ಟು ಯಮನೂರಪ್ಪ ಜೋಡೆತ್ತು ಹೊಡೆದುಕೊಂಡು ರಸ್ತೆ ದಾಟುತ್ತಿದ್ದ. ಹಿಂದೆ ಗಾಳೆವ್ವ, ತಲೆಯ ಮೇಲೆ ಬುಟ್ಟಿ.

ಸರದಾರ ನಿಂತಿತು. ಮೂಗು ಅರಳಿಸಿತು. ಮೂರು ದಿನದಿಂದ ಗೋಡೆಯಾಚೆ ನಿಂತು ಕಂಡ ಕನಸು, ಸುಟ್ಟ ರೊಟ್ಟಿಯ ಘಮವಾಗಿ, ತೆರೆದ ಕಿಟಕಿಯೊಂದಿಗೆ, ತಾನಾಗಿಯೇ ಎದುರು ಬಂದು ನಿಂತಿತ್ತು. ಯಮನೂರಪ್ಪ ಹಗ್ಗ ಎಳೆಯುವುದರೊಳಗೆ ಅದು ಕೋಡು ಓರೆ ಮಾಡಿ ತಲೆಯನ್ನು ಇಡಿಯಾಗಿ ಕಾರಿನೊಳಗೆ ತೂರಿಸಿ, ಮಾಸ್ತರರ ಎದೆಗೂ ಬಾಗಿಲಿಗೂ ನಡುವೆ ನೆಮ್ಮದಿಯಾಗಿ ನೆಕ್ಕತೊಡಗಿತು.

"ದಿಲಾವರ್! ದಿಲಾವರ್! ಇದು ಏನ್ ಮಾಡಾಕತ್ತೈತಿ?"

"ಪ್ರೀತಿ ಮಾಡಾಕತ್ತೈತ್ರಿ! ಗುರುತಿನ ಎತ್ತು!"

"ನನಗ ಗುರುತ ಇಲ್ಲ!"

ಹಿಂದೆ ಬಸ್ಸು ನಿಂತಿತು, ಟ್ರ್ಯಾಕ್ಟರ್ ನಿಂತಿತು. ಹಾರನ್ನುಗಳ ಕಛೇರಿಯೇ ಶುರುವಾಯಿತು. ಕೂಡುರಸ್ತೆಯಲ್ಲಿ ಡ್ಯೂಟಿಯ ಮೇಲಿದ್ದ ಪೊಲೀಸಪ್ಪ ನಿಂಗರಾಜ ಸೀಟಿ ಊದುತ್ತ ಓಡಿ ಬಂದ. ಎತ್ತಿನ ಮೂತಿಯ ಬಡಿತಕ್ಕೆ ಪ್ಯಾನಲ್ ಅರ್ಧ ಕಿತ್ತು ಜೋತಾಡುತ್ತಿತ್ತು. ಮಳೆ ತಾಗದ ಸಂದಿಯಿಂದ ಬೆಳ್ಳಗಿನ ಪುಡಿ ಸುರಿಯುತ್ತಿತ್ತು. ನಿಂಗರಾಜ ಅಂಗೈಯೊಡ್ಡಿದ. ಪುಡಿಯನ್ನು ನೋಡಿದ. ಎತ್ತನ್ನು ನೋಡಿದ. ಅವನ ಮುಖದ ಮೇಲೆ, ತರಬೇತಿಯಲ್ಲಿ ಹೇಳಿಕೊಟ್ಟದ್ದೆಲ್ಲ ಕಡೆಗೂ ಉಪಯೋಗಕ್ಕೆ ಬಂದವನ ಕಳೆ ಮೂಡಿತು.

"ಗಾಡಿ ಬಂದ್ ಮಾಡ್ರಿ. ಬಾಗಲದಾಗ ಏನ್ ತುಂಬೀರಿ?"

"ಏನಿಲ್ರಿ ಸಾಹೇಬ್ರ. ಮಖಮಲ್ ಪೌಡರ್."

"ಅದರ ಹೆಸರ ಊರಿಗೊಂದ ಇರತೈತಿ. ನೋಡ್ರಿ, ಎತ್ತು ಬಿಡವಲ್ದು. ಒಮ್ಮೆ ರುಚಿ ಹತ್ತಿದ್ರ ಬಿಡೂ ಮಾಲಲ್ಲ ಅದು!"

ಇಲ್ಲಿ ಮಾಸ್ತರರ ನ್ಯಾಯಬುದ್ಧಿ ಕೆರಳಿತು. ಎತ್ತಿನ ಕಿವಿಯ ಮೇಲಿಂದ ಮುಖ ಎತ್ತಿ, ತರಗತಿಯ ದನಿಯಲ್ಲಿ ಸಾಕ್ಷಿ ನುಡಿದರು. "ಏ ತಮ್ಮಾ, ಸುಮ್ಮ ಸಜ್ಜನರ ಮ್ಯಾಲ ಸಂಶೇ ಪಡಬ್ಯಾಡ. ನಾನ ಎಲ್ಲಾ ವಿಚಾರಿಸೇನಿ. ಇದು ಹುಬ್ಬಳ್ಳಿ ಮಾಲು. ಕೊಟ್ಟಾಂವ ಮೊನ್ನೆ ಒಮ್ಮಿಂದೊಮ್ಮೆಲೆ ಮುಂಬೈಗೆ ಹೋಗ್ಯಾನ. ಅಂವಾ ಫೋನ್ ಬಳಸಂಗಿಲ್ಲ."

ನಿಂಗರಾಜ ಎರಡು ಹೆಜ್ಜೆ ಹಿಂದೆ ಸರಿದ. "ಮುಂಬೈ?"

"ಹೌದು."

"ಫೋನ್ ಬಳಸಂಗಿಲ್ಲ?"

"ದೊಡ್ಡವರು ಹಂಗ ಇರತಾರ. ನನ್ನ ಮಗನ ಸಲುವಾಗಿನೂ ಇದ ಮಾಲು ತರಸಬೇಕಂತ ಮಾಡೇನಿ."

"ಯಾ ಅಲ್ಲಾ," ಎಂದ ದಿಲಾವರ. ನಿಂಗರಾಜ ಸೊಂಟದಿಂದ ವಾಕಿಟಾಕಿ ತೆಗೆದ. ದಿಲಾವರನ ಎದುರಿಗೆ ಈಗ ಎರಡೇ ದಾರಿ ಇದ್ದವು. ಹಿಟ್ಟು ಎಂದರೆ ಮಗಳ ಸಂಬಂಧ ಹೋಯಿತು. ಹಿಟ್ಟಲ್ಲ ಎಂದರೆ ಮಗಳ ಮಾವನೊಂದಿಗೆ ತಾನೂ ಠಾಣೆಗೆ ಹೋದಂತಾಯಿತು. ಅಷ್ಟರಲ್ಲಿ ಗಾಳೆವ್ವ ಬುಟ್ಟಿಯನ್ನು ಗಂಡನ ಕೈಗೆ ಕೊಟ್ಟು, ಜನರನ್ನು ತಳ್ಳಿ ಮುಂದೆ ಬಂದಳು. ಪೊಲೀಸನ ಅಂಗೈಯಿಂದ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡಳು.

"ಏ ಯವ್ವಾ, ಉಗುಳ! ಉಗುಳ!" ಎಂದು ನಿಂಗರಾಜ ಕೂಗಿದ.

"ಯಾಕ ಉಗುಳಲಿ? ನಮ್ಮ ಮನಿ ಜ್ವಾಳ ಇದು. ಮೈಮುನಾಗ ನಾನ ಕೊಟ್ಟಿದ್ದೆ. ಸಾಣಿಗಿ ಹಿಡದು ಹಲಗಿ ಮ್ಯಾಲ ಉದುರಿಸಿದಾಕಿನೂ ನಾನ. ಬಣ್ಣಾ ಒಣಗವಲ್ದು ಅಂತ ಪಾಪ ದಿಲಾವರ ಅಳೋ ಹಂಗ ಆಗಿದ್ದ. 'ಕಾಕಿ, ಐತವಾರ ಬೀಗರು ಬರತಾರ' ಅಂತ." ಅವಳು ಕಾರಿನೊಳಗೆ ಬಗ್ಗಿ ನೋಡಿದಳು. "ಬೀಗರು ಇವರೇನು? ಶರಣ್ರಿ. ಯಾವ ಹುಬ್ಬಳ್ಳಿನೂ ಇಲ್ರಿ, ಯಾವ ಮುಂಬೈನೂ ಇಲ್ಲ. ಎಲ್ಲಾ ಈ ಕೈಯಾಗಿಂದ."

ಸರದಾರ ನೆಕ್ಕುತ್ತಲೇ ಇತ್ತು.

ಮಾಸ್ತರರು ದಿಲಾವರನತ್ತ ನಿಧಾನಕ್ಕೆ ತಿರುಗಿದರು. ಸಿಟ್ಟಿನಲ್ಲಿ ಮೊಣಕೈ ಎತ್ತಿದರು. ಮೊಣಕೈ ಬಂತು; ತೋಳು ಬರಲಿಲ್ಲ. 'ಪರ್ರ್' ಎಂದು ಅಂಗಿಯ ತೋಳಿನ ಒಂದು ತುಂಡು ಬಾಗಿಲಿನ ಮೇಲೆಯೇ ಉಳಿಯಿತು. ಸರದಾರ ಅದನ್ನೂ ಮೂಸಿತು. ಯಮನೂರಪ್ಪ "ಹೇ ಹೇ" ಎನ್ನುತ್ತ ಎತ್ತಿನ ತಲೆಯನ್ನು ಹೊರಗೆಳೆದ. ಮಾಸ್ತರರು ಕೆಳಗಿಳಿದು, ತಲೆಯ ಕರವಸ್ತ್ರ ಕಿತ್ತು ಮುಖ ಒರೆಸಿಕೊಂಡರು.

"ಸುಳ್ಳು! ಪ್ರತಿಯೊಂದು ಸುಳ್ಳು! ಹೊರಗೊಂದು ಒಳಗೊಂದು! ಇಂಥಾ ಮನೆತನಕ್ಕ ನಾನು…"

ಮುಂದೆ ಹೇಳಲಾಗಲಿಲ್ಲ. ಬಸ್ಸಿನ ಮಂದಿ, ಟ್ರ್ಯಾಕ್ಟರಿನ ಮಂದಿ, ನಿಂಗರಾಜ, ಗಾಳೆವ್ವ, ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು. ಹಣೆಯಿಂದ ಕರಿ ಹೊಳೆಯೊಂದು ಹೊರಟು ಮೂಗಿನ ಪಕ್ಕಕ್ಕೆ ಹರಿದು, ಮೀಸೆಯಿಂದ ಬಂದ ಇನ್ನೊಂದು ಹೊಳೆಯನ್ನು ಕೂಡಿಕೊಂಡು, ಗಂಜಿ ಹಾಕಿದ ಕಾಲರಿನ ಮೇಲೆ ಸಂಗಮವಾಗುತ್ತಿತ್ತು. ಶಿಸ್ತಿನ ಜೀವನದ ಫಲ ತೊಟ್ಟಿಕ್ಕುತ್ತಿತ್ತು.

ಕಾರಿನೊಳಗಿಂದ ಒಂದು ಸದ್ದು ಬಂತು. ಕೌಸರ ನಗು ತಡೆಯಲು ಬುರ್ಕಾದ ಅಂಚು ಬಾಯಿಗೆ ತುರುಕಿದ್ದರು. ತಡೆಯಲಾಗದೆ ಒಮ್ಮೆಲೆ ಕಟ್ಟೆ ಒಡೆಯಿತು.

"ಅವರು ಬಾಗಲಾ ಬಳದಾರ, ನೀವು ತಲಿ ಬಳದೀರಿ! ಅವರ ಬಾಗಲದಿಂದರ ಎತ್ತಿನ ಹೊಟ್ಟಿ ತುಂಬತು. ನಿಮ್ಮದರಿಂದ ಯಾರಿಗೆ ಏನ್ ಬಂತ್ರಿ?"

ಮಾಸ್ತರರು ಕಾರಿನ ಪಕ್ಕದ ಕನ್ನಡಿಯಲ್ಲಿ ಬಗ್ಗಿ ನೋಡಿಕೊಂಡರು. ಬಹಳ ಹೊತ್ತು ನೋಡಿಕೊಂಡರು. ಇಡೀ ರಸ್ತೆ ಕಾಯುತ್ತಿತ್ತು. ದಿಲಾವರ ಕೈ ಜೋಡಿಸಿ ನಿಂತಿದ್ದ. ಅವನ ತುಟಿ ಮಾತ್ರ ಅಲುಗಾಡುತ್ತಿತ್ತು.

ಕಡೆಗೆ ಅವರು ನೆಟ್ಟಗಾದರು. "ಏನವಾ," ಎಂದರು ಗಾಳೆವ್ವನಿಗೆ, "ಸಣ್ಣ ಸಾಣಿಗಿ ಹಿಡದಿದ್ದೇನ?"

"ಅಗದಿ ಸಣ್ಣದ್ರಿ ಸರ. ಶಾವಿಗಿಗೆ ಹಿಡಿಯೂದು."

"ಅದಕ್ಕ ಅಷ್ಟ ನುಣುಪ ಬಂದೈತಿ." ಅವರು ದಿಲಾವರನತ್ತ ತಿರುಗಿದರು. "ಕೆಲಸಕ್ಕ ಪೂರಾ ಮಾರ್ಕ್ಸು. ಸುಳ್ಳಿಗೆ ಸೊನ್ನಿ. ನಡೀರಿ, ಮುಖಾ ತೊಳಿಬೇಕು."

ನಿಂಗರಾಜ ವಾಕಿಟಾಕಿಯನ್ನು ಸೊಂಟಕ್ಕೆ ಸಿಕ್ಕಿಸಿದ. "ನಾನೂ ಬರತೇನ್ರಿ. ತಪಾಸಣಿ ಅರ್ಧಾ ಬಿಡಬಾರದು. ಚಹಾನೂ ಆಗತೈತಿ."

ಮೈಮುನಬಿ ಬಾಗಿಲಿಗೆ ಬಂದು ನೋಡಿದಾಗ ಓಣಿಯಲ್ಲಿ ಈ ಮೆರವಣಿಗೆ ಬರುತ್ತಿತ್ತು: ಮೊದಲು ಮೋಟಾರ್‌ಸೈಕಲ್ಲಿನ ಮೇಲೆ ಪೊಲೀಸ್, ಹಿಂದೆ ಜೋತಾಡುವ ಬಾಗಿಲಿನ ಕಾರು, ಕಾರಿನಲ್ಲಿ ಒಂದೂವರೆ ತೋಳಿನ ಕರಿಪಟ್ಟೆಯ ಬೀಗರು, ಅವರ ಹಿಂದೆ ನಗುನಗುತ್ತ ಕಣ್ಣೀರು ಒರೆಸಿಕೊಳ್ಳುವ ಬೀಗತಿ, ಕಾರಿಗೆ ಅಂಟಿಕೊಂಡೇ ಓಡುವ ಎತ್ತು, ಎತ್ತಿನ ಹಗ್ಗಕ್ಕೆ ಜೋತುಬಿದ್ದ ಯಮನೂರಪ್ಪ.

"ನನ್ನ ಎತ್ತಿನ ಹೊಟ್ಟಿ ಏನರ ಕೆಟ್ರ ನಿಮ್ಮನ್ನ ಬಿಡಂಗಿಲ್ರಿ ದಿಲಾವರಸಾಬ್ರ!"

"ಹಿಟ್ಟಷ್ಟ ನೆಕ್ಕೇತಿ ಕಾಕಾ, ಬಣ್ಣಾ ಹಂಗ ಐತಿ!"

ಖತೀಜಾಬಿ ಕಟ್ಟೆಯ ಮೇಲಿಂದ ಕಣ್ಣು ಕಿರಿದು ಮಾಡಿ ನೋಡಿದಳು. ನಿಂಗರಾಜ ಅವಳಿಗೆ ಎಲ್ಲರಿಗಿಂತ ಸ್ಪಷ್ಟ ಕಂಡ. "ಹುಡುಗ ಇಂವನೇನ? ಎತ್ತರ ಅದಾನ, ಚಲೋ ಅದಾನ. ಸರಕಾರಿ ನೌಕರಿನೂ ಐತಿ. ನನಗ ಒಪ್ಪಿಗಿ!"

"ಅಮ್ಮಾ, ಸುಮ್ಕಿರು!" ಎಂದು ದಿಲಾವರ ಒಳಗೋಡಿದ. ನಿಂಗರಾಜ ಟೊಪ್ಪಿಗೆ ತೆಗೆದು ನಾಚಿದ.

ಹುಸ್ನಾ ಬೀಗರ ಮುಖ ನೋಡಿದಳು, ಒಳಗೆ ಹೋದಳು, ಹತ್ತಿ ಮತ್ತು ಕೊಬ್ಬರಿ ಎಣ್ಣೆ ತಂದಳು. ರಕ್ತ ತೆಗೆಯುವ ಮುಂಚೆ ಹೆದರಿದ ಮಂದಿಗೆ ಹೇಳುವ ದನಿಯಲ್ಲಿ, "ಅಲುಗಾಡಬ್ಯಾಡ್ರಿ, ಕಣ್ಣು ಮುಚ್ಚಿಕೊಳ್ರಿ" ಎಂದಳು. ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡರು.

"ಎಲ್ಲಾ ಹೋಗತೈತೇನವಾ?"

"ಮುಖದ ಮ್ಯಾಲಿಂದು ಹೋಗತೈತ್ರಿ. ಮೀಸಿದು ಅರ್ಧಾ ಹೋಗೇತಿ. ಉಳದಿದ್ದನ್ನೂ ತೆಗೀಲೇನ್ರಿ? ಒಳಗ ಬೆಳ್ಳಗ ಚಂದ ಕಾಣಾಕತ್ತೈತಿ."

ಮಾಸ್ತರರು ಒಂದು ಕಣ್ಣು ತೆರೆದು ಹೆಂಡತಿಯತ್ತ ನೋಡಿದರು. ಕೌಸರ ತಲೆ ಆಡಿಸಿದರು. "ತೆಗಿಯವಾ," ಎಂದು ಮಾಸ್ತರರು ಕಣ್ಣು ಮುಚ್ಚಿದರು.

ಮೈಮುನಬಿ ನೀರು ತಂದಿಟ್ಟಳು. ಲೋಟವನ್ನು ಆಕೆ ಸೆರಗಿನಿಂದ ಒರೆಸಿ ಒರೆಸಿ, ಕನ್ನಡಿಯಾಗಿ ಮಾಡಿ ತಂದಿದ್ದಳು. ಮಾಸ್ತರರು ಕುಡಿದರು. ಕೆಳಗಿಡುವಾಗ ಲೋಟದ ಮೇಲೆ ಕರ್ರಗೆ, ಅಚ್ಚು ಒತ್ತಿದ ಹಾಗೆ, ಒಂದು ಬೆರಳ ಗುರುತು ಕಂಡಿತು. ಅವರದೇ. ಅವರು ಆ ಕಡೆ ಈ ಕಡೆ ನೋಡಿ, ಯಾರಿಗೂ ಕಾಣದ ಹಾಗೆ ಲೋಟವನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿಟ್ಟರು.

"ಭಾಯಿಸಾಬ್," ಎಂದ ದಿಲಾವರ, ನೆಲ ನೋಡುತ್ತ, "ತಪ್ಪಾತು. ಮನಸ್ಸಿಗೆ ಬರಲಿಲ್ಲಂದ್ರ ಹೇಳಿಬಿಡ್ರಿ. ಹುಡುಗಿದೇನೂ ತಪ್ಪಿಲ್ಲ."

"ನಿಖಾದ ದಿನಾ ಗಾಡಿ ಯಾವದ ತರತೀರಿ?"

ದಿಲಾವರನಿಗೆ ಮೊದಲು ತಿಳಿಯಲಿಲ್ಲ. ಒಳಗೆ ಹುಸ್ನಾಳ ಬಳೆ ಸದ್ದಾಯಿತು, ಅವಳಿಗೆ ತಿಳಿದಿತ್ತು.

"ಬಾ… ಬಾಡಿಗಿದ ತರಸತೇನ್ರಿ! ಹೊಸಾದು!"

"ಬ್ಯಾಡ. ಇದ ಬರಲಿ," ಎಂದರು ಮಾಸ್ತರರು, ಹೊಸದಾಗಿ ಬೆಳ್ಳಗಾದ ಮೀಸೆ ಸವರಿಕೊಂಡು. "ಆದ್ರ ಹಿಟ್ಟ ಹಚ್ಚಬ್ಯಾಡ್ರಿ. ಮತ್ತ ಆ ದಿನಾ ಎತ್ತನ್ನ ಗಟ್ಟ್ಯಾಗಿ ಕಟ್ಟಿಸ್ರಿ."

"ಬಂದೋಬಸ್ತ್ ನಂದ್ರಿ," ಎಂದ ನಿಂಗರಾಜ, ಎರಡನೆಯ ಬಟ್ಟಲು ಚಹಾಕ್ಕೆ ಕೈ ಚಾಚುತ್ತ.

ಅಷ್ಟರಲ್ಲಿ ಹೊರಗೆ 'ಟಪ್' ಎಂದಿತು. ಕಡೆಯ ಕ್ಲಿಪ್ಪೂ ಬಿಟ್ಟು, ಮಖಮಲ್ ಬಾಗಿಲಿನ ಪ್ಯಾನಲ್ ಅಂಗಳಕ್ಕೆ ಬಿದ್ದಿತ್ತು. ಆಮೇಲೆ ಹಗ್ಗ ಎಳೆದಾಡುವ ಸದ್ದು, ಯಮನೂರಪ್ಪನ "ಹೇ ಹೇ", ಮತ್ತು ಅದಾದ ಮೇಲೆ, ನಿಧಾನಕ್ಕೆ, ಅವಸರವಿಲ್ಲದ ಒಂದು ದೊಡ್ಡ ನಾಲಗೆಯ ಸಪ್ಪಳ. ಒಳಗೆ ಕೂತವರು ಯಾರೂ ಏಳಲಿಲ್ಲ.